ಮರೆಗೆ ಗೋಡೆಯೋ, ಹಸಿರು ಬೇಲಿಯೋ?

ಬ್ಯಾಡರಹಳ್ಳಿಯ 30–40ರ ನಿವೇಶನದಲ್ಲಿ ಮನೆ ಕಟ್ಟಿದ ಮೇಲೆ ಉಳಿಯುವ ಜಾಗ ತುಳಸಿಕಟ್ಟೆಗೆ ಸಾಕಾದರೆ ಹೆಚ್ಚು. ಈಜುಕೊಳದ ಮಾತೆಲ್ಲಿ ಬಂತು? ಆದರೆ ಮಾಗಡಿ ರಸ್ತೆಯಲ್ಲಿ ತಾವರೆಕೆರೆಯ ಕಡೆಗೆ ಹೋದರೆ ತೋಟದ ಮನೆಗಳಿವೆ. ಅಂಥ ಮನೆಯ ಹಿತ್ತಲಲ್ಲಿ ಕೊಳ ಕಟ್ಟಿಸುವವರಿಗೆ ಮೊದಲು ಏಳುವ ಪ್ರಶ್ನೆ ಮರೆಯದು. ಗೋಡೆ ಎಬ್ಬಿಸುವುದೋ, ಗಿಡ ನೆಡುವುದೋ?

ಮೊದಲು ಎತ್ತರದ ಲೆಕ್ಕ. ಬೆಳಕು ನೇರ ರೇಖೆಯಲ್ಲಿ ಚಲಿಸುತ್ತದೆ. ಪಕ್ಕದ ಮನೆಯ ಮಹಡಿಯ ಕಿಟಕಿಯಲ್ಲಿ ನಿಂತವರ ಕಣ್ಣು ನೆಲದಿಂದ 15 ಅಡಿ ಮೇಲಿದೆ, ಅಲ್ಲಿಂದ 30 ಅಡಿ ದೂರದಲ್ಲಿ ಕೊಳದಂಚಿಗೆ ನಿಂತವರ ತಲೆ 5 ಅಡಿ ಎತ್ತರದಲ್ಲಿದೆ ಎಂದಿಟ್ಟುಕೊಳ್ಳಿ. ಆ ನೋಟದ ರೇಖೆ ಪ್ರತಿ 3 ಅಡಿಗೆ 1 ಅಡಿಯಂತೆ ಇಳಿಯುತ್ತದೆ. ಕೊಳದಂಚಿನಿಂದ 12 ಅಡಿ ದೂರದ ಕಾಂಪೌಂಡಿನಲ್ಲಿ ಮರೆ ಕಟ್ಟಿದರೆ ಅದು 9 ಅಡಿ ಎತ್ತರವಿರಬೇಕು. ಅದೇ ಮರೆ 3 ಅಡಿ ದೂರದಲ್ಲಿದ್ದರೆ 6 ಅಡಿ ಸಾಕು. ಸಮರೂಪ ತ್ರಿಭುಜಗಳ ಈ ಪಾಠ ಹಣವನ್ನೂ ಉಳಿಸುತ್ತದೆ: ಮರೆ ನೀರಿಗೆ ಹತ್ತಿರವಿದ್ದಷ್ಟೂ ಗಿಡ್ಡವಾಗಿರಬಹುದು.

ಹಂಪೆಯ ರಾಣಿಯರ ಸ್ನಾನಗೃಹವನ್ನು ನೋಡಿದವರಿಗೆ ಇದು ಹೊಸತಲ್ಲ. ಹೊರಗೆ ಸಾದಾ ಗೋಡೆ. ಒಳಗೆ ಕಮಾನುಗಳ ಮೊಗಸಾಲೆ, ನಡುವೆ ಆಕಾಶಕ್ಕೆ ತೆರೆದ ಕೊಳ. ವಿಜಯನಗರದ ಶಿಲ್ಪಿಗಳು ಮರೆಯನ್ನು ನೀರಿನ ಸುತ್ತಲೇ ಕಟ್ಟಿದ್ದರು.

ಇನ್ನು ಗಾಳಿ. ಕಲ್ಲು ಇಟ್ಟಿಗೆಯ ಗೋಡೆಗೆ ಬಡಿದ ಗಾಳಿ ಮೇಲೇರಿ, ಹಿಂಬದಿಯಲ್ಲಿ ಸುಳಿಯಾಗಿ ಇಳಿಯುತ್ತದೆ. ಗಿಡದ ಬೇಲಿ ಗಾಳಿಯನ್ನು ಸೋಸಿ ಬಿಡುವುದರಿಂದ ಅದರ ಹಿಂದೆ ಹೆಚ್ಚು ದೂರದವರೆಗೆ ಗಾಳಿ ಮೆತ್ತಗಿರುತ್ತದೆ. ಗಾಳಿ ತಗ್ಗಿದರೆ ಆವಿಯೂ ತಗ್ಗುತ್ತದೆ. 32 ಚದರ ಮೀಟರಿನ ಕೊಳದಿಂದ ದಿನಕ್ಕೆ 6 ಮಿಲಿಮೀಟರ್ ನೀರು ಆರಿದರೆ 192 ಲೀಟರ್ ಹೋದಂತೆ. 2024ರ ಮಾರ್ಚಿನಲ್ಲಿ ಜಲಮಂಡಳಿಯು ಈಜುಕೊಳಗಳಿಗೆ ಕುಡಿಯುವ ನೀರು ಬಳಸುವುದನ್ನು ನಿಷೇಧಿಸಿತ್ತು ಎಂಬುದನ್ನು ನೆನೆದರೆ ಈ ಲೆಕ್ಕ ಸಣ್ಣದಲ್ಲ.

ಆದರೆ ಬೇಲಿಗೂ ನೀರು ಬೇಕು, ಕತ್ತರಿ ಬೇಕು, ಬೆಳೆಯಲು ವರ್ಷಗಳು ಬೇಕು. ಉದುರಿದ ಎಲೆ ಕೊಳದಲ್ಲಿ ಕೊಳೆತು ಕ್ಲೋರಿನ್ನನ್ನು ಕಬಳಿಸುತ್ತದೆ, ಪಾಚಿಗೆ ಗೊಬ್ಬರವಾಗುತ್ತದೆ. ಸದ್ದು ತಡೆಯುವುದರಲ್ಲಿ ಗೋಡೆಯೇ ಮೇಲು. ದಾಸವಾಳ, ಮದರಂಗಿ ಬೇಲಿಗೆ ಒಗ್ಗುತ್ತವೆ. ಆಲ, ಅರಳಿಯ ಬೇರು ಕಟ್ಟಡವನ್ನು ಸೀಳುತ್ತದೆ. ಕಣಗಿಲೆ ಚೆಂದ, ಆದರೆ ಎಲೆ, ಹೂ, ಕಾಂಡ ಎಲ್ಲವೂ ವಿಷ. ಮಕ್ಕಳಿರುವ ಮನೆಗೆ ಸಲ್ಲದು.

ತಂದೆತಾಯಿಯರೇ, ಕೊನೆಯ ಮಾತು ನಿಮಗೆ. ಮರೆ ಬೇರೆ, ಕಾವಲು ಬೇರೆ. ನೆರೆಯವರ ಕಣ್ಣಿಗೆ ಕೊಳ ಕಾಣದಂತೆ ಮಾಡುವ ಗೋಡೆ ಅಡುಗೆಮನೆಯಲ್ಲಿರುವ ತಾಯಿಯ ಕಣ್ಣಿಗೂ ಅದನ್ನು ಮರೆಮಾಡೀತು. ನೀರಿಗೆ ಬಿದ್ದ ಮಗು ಕೂಗಿಕೊಳ್ಳುವುದು ಅಪರೂಪ; ಕೆಲವೇ ನಿಮಿಷಗಳಲ್ಲಿ ಎಲ್ಲ ಮುಗಿದುಹೋಗುತ್ತದೆ. ಗಿಡಗಳ ಸಂದಿನಲ್ಲಿ ಅಂಬೆಗಾಲಿಡುವ ಕೂಸು ನುಸುಳಬಲ್ಲದು. ಆದ್ದರಿಂದ ನೆರೆಮನೆಯ ಕಡೆಗೆ ಗೋಡೆಯೋ ಗಿಡವೋ ನಿಮ್ಮಿಷ್ಟ. ಆದರೆ ಕೊಳದ ನಾಲ್ಕೂ ಕಡೆ ಕನಿಷ್ಠ 4 ಅಡಿ ಎತ್ತರದ, ಹತ್ತಲು ಬಾರದ ಕಂಬಿ ಬೇಲಿಯೂ ತಾನಾಗಿ ಮುಚ್ಚಿ ಚಿಲಕ ಬೀಳುವ ಗೇಟೂ ಇರಲಿ. ಮನೆಯ ಕಡೆಯಿಂದ ನೀರು ಸದಾ ಕಾಣುತ್ತಿರಲಿ. ಇವೆಲ್ಲ ಇದ್ದರೂ ಮಕ್ಕಳು ನೀರಿನಲ್ಲಿರುವಾಗ ಹಿರಿಯರೊಬ್ಬರು ದಡದಲ್ಲಿರಲೇಬೇಕು.

ಮಕ್ಕಳೇ, ಗಾಳಿಯ ಮಾತನ್ನು ನೀವೇ ಪರೀಕ್ಷಿಸಬಹುದು. ಟೇಬಲ್ ಫ್ಯಾನಿನ ಮುಂದೆ ಒಮ್ಮೆ ರಟ್ಟನ್ನು, ಇನ್ನೊಮ್ಮೆ ಪೊರಕೆಕಡ್ಡಿಗಳ ಸಾಲನ್ನು ನಿಲ್ಲಿಸಿ. ಹಿರಿಯರಿಂದ ಊದುಬತ್ತಿ ಹಚ್ಚಿಸಿ ಹಿಂಬದಿಯಲ್ಲಿ ಹಿಡಿಯಿರಿ. ಹೊಗೆ ಎಲ್ಲಿ ಸುಳಿಯುತ್ತದೆ, ಎಲ್ಲಿ ನೆಟ್ಟಗೆ ಸಾಗುತ್ತದೆ ಎಂದು ನೋಡಿ ಬರೆದುಕೊಳ್ಳಿ.