ಒಂದಕ್ಕಿಂತ ಚಿಕ್ಕ ಅಂಕಿ, ಲಕ್ಷಗಟ್ಟಲೆ ಬೆಲೆ

ಮದುವೆ-ಮುಂಜಿಗಳ ಫೋಟೊ ತೆಗೆದು ಸಂಸಾರ ಸಾಗಿಸುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕಳೆದ ವಾರ ಮನೆಗೆ ಬಂದಿದ್ದ. ಕಾಫಿ ಕುಡಿದು ಊರಿನ ಸುದ್ದಿಯೆಲ್ಲ ಮುಗಿದ ಮೇಲೆ, "ಸಾರ್, ಒಂದು ಲೆನ್ಸ್ ತೊಗೋಬೇಕು ಅಂತಿದೀನಿ. ಸಾಲ ಮಾಡ್ಬೇಕಾಗತ್ತೆ. ನೀವೇನಂತೀರಿ?" ಎಂದ. ಅವನ ಮನಸ್ಸು ಹೋಗಿದ್ದು 0.95 ಎಂಬ ಅಂಕಿ ಹೊತ್ತ ಲೆನ್ಸಿನ ಮೇಲೆ. ಬೆಲೆ ಕೇಳಿ ದಂಗಾದೆ. ನೌಕರಿಗೆ ಸೇರಿದ ಮೊದಲ ಹತ್ತು ವರ್ಷಗಳ ನನ್ನ ಸಂಬಳವನ್ನೆಲ್ಲ ಕೂಡಿಸಿದರೂ ಅಷ್ಟಾಗದು.

ವಿಜ್ಞಾನದ ಮೇಷ್ಟ್ರಾಗಿದ್ದವನಾದ್ದರಿಂದ ಮೊದಲು ಲೆಕ್ಕವನ್ನೇ ಹೇಳಿಬಿಡುತ್ತೇನೆ. ಮಸೂರದ ಸಂಗಮ ದೂರವನ್ನು ಬೆಳಕು ಒಳಬರುವ ದ್ವಾರದ ವ್ಯಾಸದಿಂದ ಭಾಗಿಸಿದರೆ ದೊರೆಯುವುದೇ ಈ ಅಂಕಿ. 50 ಮಿ.ಮೀ. ಲೆನ್ಸಿನ ಮೇಲೆ 1.8 ಎಂದಿದ್ದರೆ ದ್ವಾರ ಸುಮಾರು 28 ಮಿ.ಮೀ.; 0.95 ಎಂದಿದ್ದರೆ ಸುಮಾರು 53. ವಿಸ್ತೀರ್ಣವು ವ್ಯಾಸದ ವರ್ಗದಂತೆ ಬೆಳೆಯುವುದರಿಂದ ಬೆಳಕು ಮೂರೂವರೆ ಪಟ್ಟು ಹೆಚ್ಚು. ಆದರೆ ಮಸೂರದ ಅಂಚಿನಿಂದ ಬಂದ ಕಿರಣಗಳು ನಡುವಿನಿಂದ ಬಂದವುಗಳೊಡನೆ ಒಂದೇ ಬಿಂದುವಿನಲ್ಲಿ ಕೂಡುವುದಿಲ್ಲ. ಅವನ್ನು ಕೂಡಿಸುವುದಕ್ಕೇ ವಿಶೇಷ ಗಾಜು, ಗೋಳಾಕಾರವಲ್ಲದ ಮೇಲ್ಮೈ, ಒಂದರ ಹಿಂದೊಂದು ಮಸೂರ. 2019ರಲ್ಲಿ ನಿಕಾನ್ ಹೊರತಂದ 58 ಮಿ.ಮೀ. 'ನಾಕ್ಟ್' ಲೆನ್ಸಿನೊಳಗೆ 17 ಮಸೂರಗಳಿವೆ. ತೂಕ ಎರಡು ಕಿಲೋ. ಆಗಿನ ಬೆಲೆ ಸುಮಾರು 8,000 ಡಾಲರ್. ಅಷ್ಟು ಕೊಟ್ಟರೂ ಫೋಕಸನ್ನು ಕೈಯಿಂದಲೇ ತಿರುಗಿಸಿಕೊಳ್ಳಬೇಕು! ಕ್ಯಾನನ್ನಿನ ಸಾಧಾರಣ 1.8 ಲೆನ್ಸಿನ ತೂಕ ಸುಮಾರು 160 ಗ್ರಾಂ.

ಈ ಹಂಬಲ ಇಂದಿನದೇನಲ್ಲ. 1961ರಲ್ಲೇ ಕ್ಯಾನನ್ 0.95 ಲೆನ್ಸನ್ನು ಮಾರಿತ್ತು. 1966ರಲ್ಲಿ ಲೈಕಾ ಕಂಪನಿ ತನ್ನ 'ನಾಕ್ಟಿಲಕ್ಸ್' ಲೆನ್ಸಿನ ಎರಡು ಮೇಲ್ಮೈಗಳನ್ನು ಕೈಯಿಂದ ಉಜ್ಜಿ ರೂಪಿಸಿತು. ಅಮೆರಿಕದ ನಾಸಾ ಸಂಸ್ಥೆಗಾಗಿ ಜರ್ಮನಿಯ ಝೈಸ್ 0.7 ಅಂಕಿಯ ಹತ್ತು ಲೆನ್ಸುಗಳನ್ನು ಮಾಡಿತು. ಅವುಗಳಲ್ಲಿ ಮೂರನ್ನು ಕೊಂಡ ನಿರ್ದೇಶಕ ಸ್ಟ್ಯಾನ್ಲಿ ಕುಬ್ರಿಕ್, 1975ರ 'ಬ್ಯಾರಿ ಲಿಂಡನ್' ಚಿತ್ರದ ಒಳಾಂಗಣ ದೃಶ್ಯಗಳನ್ನು ಮೇಣದ ಬತ್ತಿಯ ಬೆಳಕಿನಲ್ಲಿ ಚಿತ್ರೀಕರಿಸಿದ. ಮಂದ ಫಿಲಂನ ಆ ಕಾಲದಲ್ಲಿ ಅದು ಶೋಕಿಯಾಗಿರಲಿಲ್ಲ, ಅಗತ್ಯವಾಗಿತ್ತು. ಇಂದಿನ ಡಿಜಿಟಲ್ ಕ್ಯಾಮೆರಾಗಳೋ, ಕತ್ತಲಲ್ಲೂ ಕಾಣಬಲ್ಲವು. ಹೀಗಾಗಿ ಈಗ ಜನ ಹಣ ತೆರುತ್ತಿರುವುದು ಬಹುಮಟ್ಟಿಗೆ ಬೆಳಕಿಗಲ್ಲ, ಮಸುಕಿಗೆ. ಒಂದು ಮೀಟರ್ ದೂರದ ಮುಖದಲ್ಲಿ ಸ್ಫುಟವಾಗಿ ಕಾಣುವುದು ಎರಡು ಸೆಂಟಿಮೀಟರಿನಷ್ಟು ಮಾತ್ರ. ಕಣ್ಣು ನಿಚ್ಚಳ, ಕಿವಿ ಮಂಜು, ಹಿಂದಿನದೆಲ್ಲ ಬೆಳಕಿನ ಬಿಲ್ಲೆಗಳು.

ಆ ಮೋಡಿಯನ್ನು ನಾನು ಅಲ್ಲಗಳೆಯಲಾರೆ. ಕೆಲವು ವರ್ಷಗಳ ಹಿಂದೆ ಇದೇ ಹುಡುಗ ಗೆಳೆಯನಿಂದ ಎರವಲು ತಂದ ಇಂಥ ಲೆನ್ಸಿನಲ್ಲಿ, ಕಾರ್ತಿಕದ ಒಂದು ಸಂಜೆ, ದೀಪ ಹಚ್ಚುತ್ತಿದ್ದ ನನ್ನ ಶ್ರೀಮತಿಯ ಫೋಟೊ ತೆಗೆದಿದ್ದ. ಫ್ಲ್ಯಾಶ್ ಬಿದ್ದರೆ ಕಣ್ಣು ಮುಚ್ಚಿಬಿಡುವ ಅಭ್ಯಾಸ ಆಕೆಯದು. ಅಂದು ಮಾತ್ರ ಫೋಟೊ ತೆಗೆದದ್ದೇ ತಿಳಿಯಲಿಲ್ಲ. ಈಗ ಆಕೆಯಿಲ್ಲ, ಆ ಚಿತ್ರ ನಡುಮನೆಯ ಗೋಡೆಯ ಮೇಲಿದೆ. ರೆಪ್ಪೆಯ ಒಂದೊಂದು ಕೂದಲೂ ಎಣಿಸುವಂತಿದೆ.

ಆದರೆ ಹಿಂದೆ ಅಡುಗೆಮನೆಯ ಬಾಗಿಲಿತ್ತು. ಹೊಗೆಗೆ ಕಪ್ಪಾದ ಗೋಡೆ, ಆಕೆ ಸೀಮೆಸುಣ್ಣದಲ್ಲಿ ಬರೆದಿಡುತ್ತಿದ್ದ ಹಾಲಿನ ಲೆಕ್ಕ, ಗೂಡಿನಲ್ಲಿನ ಉಪ್ಪಿನಕಾಯಿ ಭರಣಿ ಎಲ್ಲವೂ ಕರಗಿ ಹೊಂಬಣ್ಣದ ಮಂಜಾಗಿವೆ. ಶಾಲೆಯ ಹಳೆಯ ಗುಂಪು ಫೋಟೊಗಳನ್ನು ನೋಡುವಾಗ ನಾನು ಗಮನಿಸಿದ್ದುಂಟು: ಮುಂದೆ ಕುಳಿತ ನಮ್ಮನ್ನು ಯಾರೂ ಹೆಚ್ಚು ಹೊತ್ತು ನೋಡುವುದಿಲ್ಲ. "ಅಗೋ ಬಾವಿಕಟ್ಟೆ! ಗಂಟೆ ಹೊಡೀತಿದ್ದ ಅಜ್ಜ ಕಿಟಕೀಲಿ ಇಣುಕ್ತಿದಾನೆ!" ಎಂದು ಹಿಗ್ಗುತ್ತಾರೆ. ಅಗ್ಗದ ಕ್ಯಾಮೆರಾ ಅಜ್ಜನನ್ನು ಉಳಿಸಿತು. ದುಬಾರಿ ಲೆನ್ಸಾಗಿದ್ದರೆ ಆತನನ್ನು ಅಂದವಾಗಿ ಅಳಿಸಿಬಿಡುತ್ತಿತ್ತು. ಆ ನಷ್ಟ ಬೆಲೆಪಟ್ಟಿಯಲ್ಲಿ ಕಾಣುವುದಿಲ್ಲ.

ಹಣವಿದ್ದವರು ಕೊಳ್ಳಲಿ, ನನ್ನ ತಕರಾರಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕಾದವನು ಮಗಳ ಕಾಲೇಜು ಫೀಜಿನ ವರ್ಷದಲ್ಲಿ ಇಂಥ ಸಾಲಕ್ಕೆ ಕೈಹಾಕಬಾರದೆಂಬುದು ನನ್ನ ಅಭಿಪ್ರಾಯ. ಬೇಕಾದ ದಿನ ಬಾಡಿಗೆಗೆ ತರಬಹುದು. ಅದನ್ನೇ ಅವನಿಗೂ ಹೇಳಿದೆ. ಮುಖ ಚಿಕ್ಕದು ಮಾಡಿಕೊಂಡು ಗೋಡೆಯತ್ತ ನೋಡಿದ. "ಅಮ್ಮಾವ್ರ ಆ ಫೋಟೊ 1.8ರಲ್ಲಿ ಬರ್ತಿತ್ತಾ ಸಾರ್?"

"ಬರುತ್ತಿತ್ತಪ್ಪಾ. ಸ್ವಲ್ಪ ತರಿತರಿಯಾಗಿ ಬರುತ್ತಿತ್ತು. ಅಡುಗೆಮನೆಯೂ ಒಂದಿಷ್ಟು ಕಾಣುತ್ತಿತ್ತೇನೋ" ಎಂದೆ.

ಅವನು ಒಪ್ಪಿದನೋ ಇಲ್ಲವೋ ತಿಳಿಯದು. ಯೋಚಿಸಿ ಹೇಳುತ್ತೇನೆಂದು ಹೋಗಿದ್ದಾನೆ.