ಪಕ್ಕದ ಬೀದಿಗೆ ವೀಸಾ ಕೊಡೋರ್ಯಾರು?

ವಿದೇಶಕ್ಕೆ ಶಾಲಾ ಪ್ರವಾಸ! ಹತ್ತು ಹದಿನೈದು ದಿನ ಅಲ್ಲಿನವರ ಮನೆಯಲ್ಲೇ ವಾಸ, ಅವರ ಜೊತೆಯಲ್ಲೇ ಊಟ, ಸಂಸ್ಕೃತಿ ವಿನಿಮಯ. ಬೆಂಗಳೂರಿನ ದೊಡ್ಡ ಶಾಲೆಗಳಿಗೆ ಇದೇನೂ ಹೊಸ ಸುದ್ದಿಯಲ್ಲ. ಖರ್ಚು ಮಾತ್ರ ಲಕ್ಷಗಳ ಲೆಕ್ಕ.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೇರಿದ ಮಧುಗಿರಿ ಶೈಕ್ಷಣಿಕ ಜಿಲ್ಲೆಯ ಸರ್ಕಾರಿ ಶಾಲೆ ಹುಡುಗನಿಗೆ ಫಾರಿನ್ ಅಂದ್ರೆ ಬೆಂಗಳೂರೇ. ಪಾವಗಡದವನು ಒಂದು ಕೈ ಮೇಲು. ಮಧುಗಿರಿಗೆ ಬರಬೇಕಾದರೂ ಆಂಧ್ರದ ನೆಲ ದಾಟಿ ಬರುತ್ತಾನೆ. ಪಾಸ್‌ಪೋರ್ಟ್ ಕೇಳೋರಿಲ್ಲ, ಅಷ್ಟೆ.

ಬಡವರ ಮಕ್ಕಳಿಗೆ ಅದೆಲ್ಲ ಆಗೋ ಮಾತಲ್ಲ ಬಿಡಿ ಎನ್ನುವವರು ಅದೇ ಆಂಧ್ರದ ಕಡೆ ನೋಡಲಿ. 2023ರ ಸೆಪ್ಟೆಂಬರಿನಲ್ಲಿ ಅಲ್ಲಿನ ಸರ್ಕಾರ ತನ್ನ ಶಾಲೆಗಳ 10 ಮಕ್ಕಳನ್ನು ಅಮೆರಿಕಕ್ಕೆ ಕಳುಹಿಸಿತು. ಮಕ್ಕಳು ನ್ಯೂಯಾರ್ಕಿನ ವಿಶ್ವಸಂಸ್ಥೆ ನೋಡಿಕೊಂಡು ಬಂದರು. ಹತ್ತೇ ಜನ ಎಂದು ಮೂಗು ಮುರಿಯಬಹುದು. ಆದರೆ ಮನಸ್ಸಿದ್ದರೆ ದಾರಿ ಇದೆ ಎಂಬುದು ಗೊತ್ತಾಯಿತಲ್ಲ!

ಇರಲಿ. ದುಡ್ಡು, ವಿಮಾನದ ಮಾತು ಒಂದು ಕಡೆ. ಈ ಪ್ರವಾಸಗಳ ತಿರುಳು ಇರುವುದು ವಿಮಾನದಲ್ಲಲ್ಲ, ಮನೆಯಲ್ಲಿ.

ಯಾರ ಮನೆ?

ಇದು ದುಡ್ಡು ಕೊಟ್ಟು ಕೋಣೆ ಹಿಡಿಯುವ ಕೊಡಗಿನ ಹೋಂ ಸ್ಟೇ ಅಲ್ಲ. ರೋಟರಿ ಸಂಸ್ಥೆಯ ಯುವ ವಿನಿಮಯ ಯೋಜನೆಯನ್ನೇ ನೋಡಿ. 15ರಿಂದ 19 ವರ್ಷದ ಹುಡುಗ ಹುಡುಗಿಯರು ಪರದೇಶದ ಮನೆಯಲ್ಲಿ ಮನೆಮಗುವಾಗಿ ಇರುತ್ತಾರೆ. ಟಿಕೆಟ್ಟು, ವಿಮೆ ಹೆತ್ತವರದು. ಊಟ, ಆಸರೆ ಆ ಮನೆಯವರದು. ಅವರಿಟ್ಟದ್ದನ್ನು ಉಣ್ಣಬೇಕು, ಆ ಮನೆಯ ಕಟ್ಟುಪಾಡಿಗೆ ಹೊಂದಿಕೊಳ್ಳಬೇಕು. ಮಗು ಕಲಿಯುವುದು ಅದನ್ನೇ.

ಈ ಸೀಮೆಗೆ ಇದು ತೀರಾ ಹೊಸದೂ ಅಲ್ಲ. ಹಿಂದೆ ಹಳ್ಳಿ ಹುಡುಗರು ವಾರಾನ್ನ ಮಾಡಿಕೊಂಡು ಓದುತ್ತಿದ್ದರು. ವಾರದ ಏಳು ದಿನ, ಏಳು ಮನೆಯ ಊಟ. ದೊಡ್ಡ ಹುದ್ದೆಗೆ ಹೋದವರು ಎಷ್ಟೋ ಮಂದಿ ಆ ಅನ್ನವನ್ನು ಸಾಯುವವರೆಗೂ ನೆನೆದರು. ಆದರೆ ವಾರಾನ್ನಕ್ಕೂ ಜಾತಿಯ ಬಾಗಿಲಿತ್ತು. ಎಲ್ಲ ಜಾತಿಯ ಮಕ್ಕಳನ್ನೂ ಕೂರಿಸಿ ಉಣಿಸಲು ಸಿದ್ಧಗಂಗೆಯಂಥ ಮಠವೇ ಬೇಕಾಯಿತು.

ಈಗ ಶಾಲೆಯಲ್ಲಿ ಬಿಸಿಯೂಟ ಇದೆ. ಒಂದೇ ಸಾಲಿನಲ್ಲಿ ಕೂತು ಉಣ್ಣಬೇಕೆಂಬುದು ಅದರ ನಿಯಮ. ಸಂಜೆ ಗಂಟೆ ಹೊಡೆದ ಮೇಲೆ? ಅವನು ಅವನ ಕೇರಿಗೆ, ಇವನು ಇವನ ಬೀದಿಗೆ. ಹತ್ತು ವರ್ಷ ಒಂದೇ ಬೆಂಚಿನಲ್ಲಿ ಕೂತವರು ಒಬ್ಬರ ಮನೆ ಒಬ್ಬರು ಒಳಗಿನಿಂದ ನೋಡಿರದ ಊರುಗಳು ಎಷ್ಟಿಲ್ಲ! ಅಲ್ಲಿ ಗುರುತಿಲ್ಲದ ಗೋರಿ ಹೆಂಗಸು ಗುರುತಿಲ್ಲದ ಮಗುವಿಗೆ ತಟ್ಟೆ ಇಡುತ್ತಾಳೆ. ಇಲ್ಲಿ ನೀರು ಕೊಡುವ ಮುಂಚೆ "ಯಾರ ಪೈಕಿ ಮಗಾ ನೀನು?" ಅಂತ ಕೇಳ್ತಾರೆ.

ಬಸ್ಸಿನ ಪ್ರವಾಸ

ವರ್ಷಕ್ಕೊಮ್ಮೆ ಶಾಲಾ ಪ್ರವಾಸವೇನೋ ಉಂಟು. ರಾತ್ರಿಯೆಲ್ಲ ಬಸ್ಸು, ಬೆಳಿಗ್ಗೆ ಬೇಲೂರು, ಮಧ್ಯಾಹ್ನ ಹಳೇಬೀಡು, ಮತ್ತೆ ಬಸ್ಸು. ಮಕ್ಕಳು ಕಲ್ಲು ನೋಡುತ್ತಾರೆ, ನೀರು ನೋಡುತ್ತಾರೆ. ಜನ ನೋಡುವುದಿಲ್ಲ.

ಇದರ ಜೊತೆಗೆ ಇಲಾಖೆ ಇನ್ನೊಂದು ಮಾಡಬಹುದು. ಈ ನಾಲ್ಕು ತಾಲ್ಲೂಕಿನ ಮಕ್ಕಳನ್ನೇ ನಾಲ್ಕು ದಿನ ಅದಲು ಬದಲು ಮಾಡಲಿ. ಕೊರಟಗೆರೆ ಹುಡುಗಿ ಪಾವಗಡದ ಮನೆಯಲ್ಲಿದ್ದು ತೆಲುಗು ಕೇಳಲಿ. ಸುಮಾರು 13,000 ಎಕರೆಯ ಸೋಲಾರ್ ಪಾರ್ಕಿಗೆ ಜಮೀನು ಗುತ್ತಿಗೆ ಕೊಟ್ಟ ರೈತ ಏನು ಹೇಳ್ತಾನೆ ಅಂತಲೂ ಕೇಳಲಿ. ಪಾವಗಡದ ಹುಡುಗ ಶಿರಾದ ಕಗ್ಗಲಡುವಿಗೆ ಹೋಗಿ, ಹುಣಸೆಮರದ ತುಂಬ ಕೊಕ್ಕರೆಗಳಿಗೆ ಜಾಗ ಬಿಟ್ಟುಕೊಟ್ಟ ಊರನ್ನು ನೋಡಲಿ. ಆಮೇಲೆ ಗಡಿಯಾಚೆಯ ಮಡಕಶಿರಾದ ಮಕ್ಕಳೂ ಸೇರಲಿ.

ತೊಡಕುಗಳಿವೆ. ಹೆಣ್ಣುಮಕ್ಕಳನ್ನು ಬೇರೆ ಮನೆಗೆ ಕಳಿಸಲು ತಾಯಂದಿರು ಹೆದರುತ್ತಾರೆ. ಅದು ನ್ಯಾಯವೇ. ಇಬ್ಬಿಬ್ಬರನ್ನು ಜೊತೆ ಮಾಡಿ, ಶಿಕ್ಷಕಿಯರು ಮೊದಲೇ ಮನೆ ನೋಡಿ ಬರಲಿ. ಆದರೆ ಮನೆ ಹಂಚುವ ಪಟ್ಟಿಯಲ್ಲಿ ಜಾತಿಯ ಕಾಲಂ ಇರಕೂಡದು. ಒಪ್ಪದವರ ಮನೆ ಬಿಡಿ, ಒಪ್ಪುವವರ ಮನೆಯಿಂದಲೇ ಶುರುವಾಗಲಿ. ಮೊದಲ ವರ್ಷ ಹತ್ತೇ ಮನೆ ಸಿಕ್ಕರೂ ಸಾಕು. ಆಂಧ್ರ ಕಳಿಸಿದ್ದೂ ಹತ್ತೇ ಜನರನ್ನು.

ವಿದೇಶಕ್ಕೂ ಮಕ್ಕಳು ಹೋಗಲಿ, ಖಂಡಿತ ಹೋಗಲಿ. ಆದರೆ ವಿನಿಮಯ ಅಂದರೆ ಆ ಕಡೆಯ ಮಗುವೂ ಇಲ್ಲಿಗೆ ಬರುವುದು. ಬಂದು ಮುದ್ದೆ ಮುರಿಯುತ್ತಾ, "ನಿನ್ನ ಗೆಳೆಯ ಯಾಕೆ ಒಳಗೆ ಬರಲಿಲ್ಲ?" ಅಂತ ಕೇಳಿದರೆ ಯಾರು ಉತ್ತರ ಹೇಳಬೇಕು?

ಅಮೆರಿಕದ ವೀಸಾ ಅಮೆರಿಕದವರು ಕೊಡುತ್ತಾರೆ. ಪಕ್ಕದ ಬೀದಿಗೆ ವೀಸಾ ಕೊಡಬೇಕಾದವರು ಊರಿನವರೇ.