ಬೆಣ್ಣಿಹಳ್ಳಕ್ಕೆ ಬೂಸರಿನ ಮದ್ದು: ಹಾಕುವುದು ಎಲ್ಲಿ?

ನವಲಗುಂದ ತಾಲೂಕಿನ ಯಮನೂರಿನಲ್ಲಿ ಚಾಂಗದೇವರ ಜಾತ್ರೆಗೆ ಬಂದ ಭಕ್ತರು ಬೆಣ್ಣಿಹಳ್ಳದಲ್ಲಿ ಮುಳುಗೇಳುತ್ತಾರೆ. ಚರ್ಮರೋಗ ಹೋಗುತ್ತದೆ ಎಂಬುದು ನಂಬಿಕೆ. ಅದೇ ಹಳ್ಳಕ್ಕೆ ಮೇಲುಗಡೆ ಹುಬ್ಬಳ್ಳಿಯ ಗಟಾರದ ನೀರು ಬಂದು ಕೂಡುತ್ತದೆ. ಕುಂದಗೋಳ, ಹುಬ್ಬಳ್ಳಿ, ನವಲಗುಂದ ತಾಲೂಕು ಹಾಯ್ದು ಮಲಪ್ರಭೆ ಸೇರುವ ಈ ಹಳ್ಳ, ಶಹರದ ಹೊಲಸನ್ನು ಹಳ್ಳಿಗೆ ಮುಟ್ಟಿಸುವ ಟಪಾಲಿನವನಾಗಿದೆ.

ಹೊಲಸು ಎಂದರೆ ಬರೀ ನಾತವಲ್ಲ. ಮಲಮೂತ್ರವಾದರೆ ಕೊಳೆತು ಮಣ್ಣಾಗುತ್ತದೆ. ಪ್ಲೇಟಿಂಗ್ ಕೆಲಸದ ಕ್ರೋಮಿಯಂ, ನಿಕಲ್, ಹಳೆ ಬ್ಯಾಟರಿ ಒಡೆದಾಗ ಬರುವ ಸೀಸ ಕೊಳೆಯೂದಿಲ್ಲ. ಕುಡಿಯುವ ನೀರಿನಲ್ಲಿ ಸೀಸ ಲೀಟರಿಗೆ 0.01 ಮಿಲಿಗ್ರಾಂ ಮೀರಬಾರದು ಎಂದು ಸರಕಾರದ ಮಾನಕವೇ ಹೇಳುತ್ತದೆ. ಜಪಾನಿನ ಜಿಂಜು ನದಿಗೆ ಗಣಿಯಿಂದ ಹರಿದ ಕ್ಯಾಡ್ಮಿಯಂ ಭತ್ತದ ಗದ್ದೆಗೆ ಹೋಗಿ, ಅನ್ನದ ಮೂಲಕ ಜನರ ಎಲುಬು ಮುರಿಯಿತು. ಅದು ಮಾಲಿನ್ಯದ ರೋಗವೆಂದು ಅಲ್ಲಿನ ಸರಕಾರ ಒಪ್ಪಿದ್ದು 1968ರಲ್ಲಿ. ನಮ್ಮಲ್ಲೂ ಬಿಡನಾಳ, ಗಬ್ಬೂರ ಕಡೆ ಗಟಾರದ ನೀರಿನ ಮೇಲೆ ಕಾಯಿಪಲ್ಲೆ ಬೆಳೆದದ್ದುಂಟು. ಹೀಗೆ ಶಹರ ಬಿಟ್ಟದ್ದು ಶಹರದ ಸಂತೆಚೀಲಕ್ಕೇ ವಾಪಸು ಬರುವ ದಾರಿ ಇದೆ.

ಇದಕ್ಕೆ ಬೂಸರೇ ಮದ್ದು ಎಂದು ವಿಜ್ಞಾನಿಗಳು ಹೇಳುತ್ತಾರೆ. ನಗುವ ಮಾತಲ್ಲ. ಉಳ್ಳಾಗಡ್ಡಿಯ ಸಿಪ್ಪೆಯ ಮೇಲೆ ಕೂಡುವ ಕರಿ ಬೂಸರು ವ್ಯಾಪಾರಸ್ಥರಿಗೆಲ್ಲ ಗೊತ್ತು. ಅದರ ಹೆಸರು ಆಸ್ಪರ್ಜಿಲಸ್ ನೈಗರ್. ಸೋಡಾ-ಶರಬತ್ತಿಗೆ ಹಾಕುವ ಸಿಟ್ರಿಕ್ ಆಸಿಡ್ ತಯಾರಾಗುವುದೂ ಇದರಿಂದಲೇ. ಇಂಥ ಬೂಸರಿನ ಮೈಗೋಡೆಯಲ್ಲಿರುವ ಕೈಟಿನ್ ಮೊದಲಾದ ಪದಾರ್ಥಗಳಿಗೆ ನೀರಿನಲ್ಲಿ ಕರಗಿದ ಲೋಹ ಅಂಟಿಕೊಳ್ಳುತ್ತದೆ. ಬೂಸರು ಜೀವಂತ ಇರಬೇಕೆಂದೂ ಇಲ್ಲ, ಸತ್ತು ಒಣಗಿದ್ದೂ ಹಿಡಿಯುತ್ತದೆ. ರೈಜೋಪಸ್ ಜಾತಿಯ ಬೂಸರು ಒಂದು ಗ್ರಾಮಿಗೆ 180 ಮಿಲಿಗ್ರಾಮಿಗೂ ಹೆಚ್ಚು ಯುರೇನಿಯಂ ಹಿಡಿದದ್ದನ್ನು ಕೆನಡಾದ ಸಂಶೋಧಕರು 1981ರಲ್ಲೇ ಪ್ರಕಟಿಸಿದರು.

ಹಾಗಾದರೆ ಹಳ್ಳಕ್ಕೆ ಬೂಸರು ಸುರುವಿದರೆ ಮುಗೀತೇ? ಇಲ್ಲ. ಮಳೆಗಾಲದಲ್ಲಿ ಉಕ್ಕಿ ಹೊಲ ನುಂಗುವ ಬೆಣ್ಣಿಹಳ್ಳದಲ್ಲಿ ಅದು ಎಲ್ಲಿ ನಿಂತೀತು? ಎರಡನೆಯದು, ಬೂಸರು ಲೋಹವನ್ನು ಹಿಡಿಯುತ್ತದೆ, ಇಲ್ಲದಂತೆ ಮಾಡೂದಿಲ್ಲ. ಲೋಹ ಹೀರಿದ ಬೂಸರನ್ನು ತಿಪ್ಪೆಗೆ ಒಗೆದರೆ ಮುಂದಿನ ಮಳೆಗೆ ವಿಷ ಮತ್ತೆ ಹಳ್ಳಕ್ಕೇ. ಆಸಿಡಿನಲ್ಲಿ ತೊಳೆದು ಲೋಹವನ್ನು ಬೇರೆ ತೆಗೆದಿಡಬೇಕು, ಅದಕ್ಕೆ ಖರ್ಚು ಯಾರದು ಎಂಬುದೂ ತೀರ್ಮಾನವಾಗಬೇಕು.

ಆದ್ದರಿಂದ ಬೂಸರಿನ ಜಾಗ ಹಳ್ಳವಲ್ಲ, ಕಾರಖಾನೆಯ ಹಿತ್ತಲು. ಲೋಹದ ಕೆಲಸ ನಡೆಯುವಲ್ಲಿಯೇ ಟಾಕಿ ಕಟ್ಟಿ, ಒಣ ಬೂಸರಿನ ಹರಳು ತುಂಬಿ, ನೀರನ್ನು ಅದರ ಮೂಲಕ ಹಾಯಿಸಿ ಆಮೇಲೆ ಗಟಾರಕ್ಕೆ ಬಿಡಬೇಕು. ಅಲ್ಲಿ ನೀರು ಕಡಿಮೆ, ಲೋಹ ಜಾಸ್ತಿ, ಕೆಲಸ ಹಗುರ. ಗಟಾರಕ್ಕೆ ಬಿದ್ದ ಮೇಲೆ? ಊರಿಗೆ ಬಂದಾಕಿ ನೀರಿಗೆ ಬಾರದಿರುತ್ತಾಳೆಯೇ!

ಧಾರವಾಡದಲ್ಲಿ ಕರ್ನಾಟಕ ವಿಶ್ವವಿದ್ಯಾಲಯವಿದೆ, 1986ರಿಂದ ಕೃಷಿ ವಿಶ್ವವಿದ್ಯಾಲಯವೂ ಇದೆ. ಬೂಸರು ಬಲ್ಲವರಿಗೆ ಇಲ್ಲಿ ಬರವಿಲ್ಲ. ಮೊದಲು ಮಾಲಿನ್ಯ ನಿಯಂತ್ರಣ ಮಂಡಳಿಯವರು ಹುಬ್ಬಳ್ಳಿಯಿಂದ ಯಮನೂರಿನ ತನಕ ನೀರನ್ನಷ್ಟೇ ಅಲ್ಲ, ತಳದ ರಾಡಿಯನ್ನೂ ತಪಾಸಣೆ ಮಾಡಿಸಿ, ಯಾವ ಲೋಹ ಎಷ್ಟಿದೆ ಎಂದು ಗ್ರಾಮ ಪಂಚಾಯ್ತಿಯ ಗೋಡೆಗೆ ಬರೆಸಲಿ. ರೋಗ ಯಾವುದೆಂದು ತಿಳಿದ ಮೇಲಷ್ಟೇ ಮದ್ದು. ಮುಳುಗೇಳುವ ಭಕ್ತನಿಗೆ ಅಷ್ಟು ಕೇಳುವ ಹಕ್ಕಿದೆ.